ಎಡ ಹೆಗಲಿನಿಂದ ಅರವತ್ತು ಗುಂಡು

ಆಪಾ ತೀರಿಕೊಂಡ ಸುದ್ದಿ ಬಂದ ಮಧ್ಯಾಹ್ನ ನೀವಿಬ್ಬರೂ ಈಜಿನ ಕ್ಲಾಸಿಗೆ ಹೋಗಿದ್ದಿರಿ. ಬಂದ ಮೇಲೆ ಹೇಳಿದೆ. “ಹೂ ಈಸ್ ದಟ್, ಅಜ್ಜಿ?” ಎಂದು ಕೇಳಿ, ಒದ್ದೆ ಟವೆಲನ್ನು ನೆಲದ ಮೇಲೆ ಬಿಟ್ಟು ಒಳಗೆ ಹೋದಿರಿ. ತಪ್ಪು ನಿಮ್ಮದಲ್ಲ. ನಮ್ಮ ಮನೆಯಿಂದ ಆರನೆಯ ಮನೆ ಅವರದು. ಐದು ವರ್ಷ ನಾನು ಅಲ್ಲಿಗೆ ಹೋಗಿ ಬರುತ್ತಿದ್ದರೂ ನಿಮ್ಮನ್ನು ಒಮ್ಮೆಯೂ ಕರೆದುಕೊಂಡು ಹೋಗಿರಲಿಲ್ಲ. “ಗನ್ ಇರೋ ಮನಿಗೆ ಹುಡುಗರನ್ನ ಕರಕೊಂಡು ಹೋಗಬ್ಯಾಡವ್ವ, ಪ್ಲೀಸ್” ಎಂದು ನಿಮ್ಮಮ್ಮ ಮೊದಲೇ ಹೇಳಿದ್ದಳು. ನಾನು ಮರುಮಾತಾಡಲಿಲ್ಲ. ಮರುಮಾತಾಡುವುದು ನನಗೆ ಎಂದೂ ಬಂದಿಲ್ಲ.

ಅದಕ್ಕೇ ಈಗ ಬರೆಯುತ್ತಿದ್ದೇನೆ. ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತದ್ದಷ್ಟೇ ನನ್ನ ಬರವಣಿಗೆ. ನಿಮಗೆ ಓದಲು ಬಾರದು, ನಿಮ್ಮಮ್ಮ ಓದಿ ಹೇಳಲಿ. ಇದರಲ್ಲಿ ಅವಳಿಗೂ ಗೊತ್ತಿಲ್ಲದ ಸಂಗತಿಯೊಂದಿದೆ. ಎರಡು ಪುಟ ಬರೆಯುವುದರೊಳಗೆ ಬೆರಳು ಜೋಮು ಹಿಡಿಯುತ್ತದೆ, ಹಾಗಾಗಿ ನಿಂತು ನಿಂತು ಬರೆಯುತ್ತೇನೆ.

ಆಪಾ ಎಂದರೆ ಅವರ ಮನೆಮಾತಿನಲ್ಲಿ ಅಕ್ಕ. ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಕರೆದವಳಲ್ಲ ನಾನು, ಈಗ ಬರೆಯಲು ಕೈ ಬರುವುದಿಲ್ಲ.

ಮೊದಲು ಮಾತಾಡಿಸಿದ್ದು ಅವರೇ, ಬೀದಿಯ ತುದಿಯ ಟಪಾಲಿನ ಡಬ್ಬಿಗಳ ಹತ್ತಿರ. 2003 ಇರಬೇಕು. ಕುಳ್ಳಗಿನ ದೇಹ, ತಲೆಯ ಮೇಲೆ ದುಪ್ಪಟ್ಟಾ, ಕೊರಳಲ್ಲಿ ದಾರಕ್ಕೆ ಕಟ್ಟಿದ ಎರಡು ಕನ್ನಡಕ.

“ನೀವು ಧಾರವಾಡದ ಕಡೆಯವ್ರಾ?”

“ಗದಗಿನ ಕಡಿ ರೀ.”

“ನಮ್ದು ಮೈಸೂರು. ಎರಡು ತಿಂಗಳಿಂದ ನೋಡ್ತಿದೀನಿ, ಕಾಗದ ತಗೊಂಡು ಓಡಿಹೋಗ್ತೀರಾ. ನಾನೇನು ಕಚ್ತೀನಾ? ಕಚ್ಚೋ ಹಲ್ಲು ಮಾಡೋದಷ್ಟೇ ನನ್ನ ಕೆಲಸ!”

ಕೆಲಸ ನಿಜವಾಗಿ ಅದೇ ಆಗಿತ್ತು. ಪೊಮೋನಾದ ಒಂದು ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ಅವರು ಹಲ್ಲು ಮಾಡಿದ್ದರು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ಕಳಿಸುತ್ತಿದ್ದರು, ಇವರು ಅದಕ್ಕೆ ಕೂರುವ ಹಲ್ಲನ್ನು ಉಜ್ಜಿ ತಿದ್ದಿ ಕಳಿಸುತ್ತಿದ್ದರು. ಗಂಡ ಬಹಳ ಹಿಂದೆಯೇ ತೀರಿಹೋಗಿದ್ದರು. ಒಬ್ಬಳೇ ಮಗಳು ದೂರದ ಊರಿನಲ್ಲಿ. ಲ್ಯಾಬಿನ ಕೆಲಸ ಬಿಟ್ಟ ಮೇಲೆ ಕಾಲ ಕಳೆಯಲು ಮನೆಯ ಗ್ಯಾರೇಜಿನಲ್ಲಿ ಉದ್ದದ ಮೇಜು ಹಾಕಿಕೊಂಡಿದ್ದರು.

ಆ ಮೇಜನ್ನು ಮೊದಲ ಸಲ ನೋಡಿದ್ದು ಚೆನ್ನಾಗಿ ನೆನಪಿದೆ. ಒಂದು ಕಡೆ ಸುಣ್ಣದ ದವಡೆಗಳು ಬಾಯಿ ತೆರೆದು ಕೂತಿದ್ದವು. ನಡುವೆ ಮಖಮಲ್ ಬಟ್ಟೆ, ಅದರ ಮೇಲೆ ಸಾಲಾಗಿ ಸ್ಕ್ರೂ, ಸ್ಪ್ರಿಂಗ್, ಎಣ್ಣೆ ಹಚ್ಚಿದ ಉಕ್ಕಿನ ತುಂಡುಗಳು.

“ಹೊಲಿಗಿ ಮಿಷಿನ್ ಬಿಚ್ಚೀರೇನ್ರಿ ಆಪಾ?” ಎಂದೆ.

ಅವರು ಕನ್ನಡಕ ತೆಗೆದು ನಕ್ಕರು. “ಬಂದೂಕಮ್ಮ.”

ನಾನು ಎದ್ದು ನಿಂತೆ. ನಮ್ಮೂರಲ್ಲಿ ಬಂದೂಕು ಇದ್ದದ್ದು ಪೊಲೀಸರ ಹೆಗಲ ಮೇಲೆ ಮಾತ್ರ.

“ಎಲ್ಲಿಗೆ ಹೊರಟೆ? ಕೂತ್ಕೋ, ಚಾ ಕುಡಿದು ಹೋಗು. ಅದು ಬಿಚ್ಚಿ ಬಿದ್ದಿದೆ, ಎದ್ದು ಬಂದು ನಿನ್ನ ಹಿಡಿಯಲ್ಲ.”

ಅಂದಿನಿಂದ ನಾನು ‘ನೀನು’ ಆದೆ.

ಅದು ಕಾರ್ಬೈನ್. ನೋಡಲು ಗಿಡ್ಡ ರೈಫಲಿನಂತೆ, ಆದರೆ ಹಾಕುವುದು ಪಿಸ್ತೂಲಿನ ಸಣ್ಣ ತೋಟಾ. ಕೆಳಗೆ ಬಳೆಯ ಹಾಗೆ ಒಂದು ಲಿವರ್ ಇರುತ್ತದೆ. ಅದನ್ನು ಮುಂದೆ ತಳ್ಳಿ ಹಿಂದೆಳೆದರೆ ಖಾಲಿ ತೋಟಾ ಮೇಲಿನಿಂದ ಹಾರಿ ಹೋಗಿ ಹೊಸದು ಒಳಗೆ ಬರುತ್ತದೆ. ಆಪಾ ಅದನ್ನು ಸ್ಪರ್ಧೆಗೆ ಬಳಸುತ್ತಿದ್ದರು. ಸ್ಯಾನ್ ಡಿಯೇಗೊದ ಪೂರ್ವಕ್ಕೆ ಬೋಳು ಗುಡ್ಡಗಳ ನಡುವೆ ಒಂದು ರೇಂಜ್ ಇತ್ತು. ಅಲ್ಲಿ ತಿಂಗಳಿಗೊಮ್ಮೆ ಮುದುಕ ಮುದುಕಿಯರು ನೂರು ವರ್ಷ ಹಿಂದಿನ ಉಡುಪು ಹಾಕಿಕೊಂಡು ಬಂದು ಉಕ್ಕಿನ ತಟ್ಟೆಗಳಿಗೆ ಗುಂಡು ಹೊಡೆಯುತ್ತಿದ್ದರು. ಎಷ್ಟು ಬೇಗ, ಎಷ್ಟು ತಪ್ಪಿಲ್ಲದೆ ಎನ್ನುವುದೇ ಆಟ.

“ಈ ವಯಸ್ಸಿನ್ಯಾಗ ಇದ್ಯಾಕ್ರಿ ನಿಮಗ?” ಎಂದು ಕೇಳಿದ್ದೆ.

“ಇಪ್ಪತ್ತೆಂಟು ವರ್ಷ ಮೂಗಿನ ಮುಂದೆ ಇರೋದನ್ನೇ ನೋಡಿದೀನಮ್ಮ, ಬೇರೆಯವ್ರ ಹಲ್ಲು. ಲ್ಯಾಬಿನವಳೊಬ್ಬಳು ಒಂದ್ಸಲ ರೇಂಜಿಗೆ ಕರ್ಕೊಂಡು ಹೋದ್ಳು. ಅಷ್ಟು ದೂರ ಕಣ್ಣು ಹಾಯಿಸಿ, ಟಣ್ ಅಂತ ಕೇಳಿಸ್ತಲ್ಲ, ತಲೆಯೊಳಗಿನ ಕಸ ಎಲ್ಲಾ ಖಾಲಿ ಆದಂಗಾಯ್ತು.”

ಕಾರ್ಬೈನ್ ಆರಿಸಲು ಅವರು ಒಂದು ವರ್ಷ ತೆಗೆದುಕೊಂಡಿದ್ದರಂತೆ. ಅಂಗಡಿಯವರು ಮೊದಲು ದಪ್ಪ ತೋಟಾದ್ದು ತೋರಿಸಿದರು. ಅದು ಹೆಗಲಿಗೆ ಒದೆಯುತ್ತಿತ್ತು. ಒದೆ ತಿಂದ ಹೆಗಲು ಮುಂದಿನ ಗುಂಡಿಗೆ ಮೊದಲೇ ಬೆದರಿ ಹಿಂಜರಿಯುತ್ತದೆ ಎಂದು ಅದನ್ನು ಬಿಟ್ಟರು, ಕಿರುಬೆರಳಿಗಿಂತ ಸಣ್ಣ ತೋಟಾದ್ದೇ ಸಾಕು ಎಂದರು. ಆಮೇಲೆ ಹೆಂಗಸರಿಗೆ ಹಗುರವಿರಲಿ ಎಂದು ಗಿಡ್ಡ ನಳಿಗೆಯದನ್ನು ಕೊಡಲು ನೋಡಿದರು. ರೇಂಜಿನ ಗೆಳೆಯರ ಹತ್ತಿರ ಗಿಡ್ಡದ್ದನ್ನೂ ಉದ್ದದ್ದನ್ನೂ ಕೇಳಿ ತೆಗೆದುಕೊಂಡು ಹೊಡೆದು ನೋಡಿ, ಇವರು ಉದ್ದದ್ದನ್ನೇ ಹಿಡಿದರು. “ಹಗುರ ಇದ್ರೆ ಮುಂದಿನ ತಟ್ಟೆಗೆ ಬೇಗ ಹೋಗುತ್ತೆ, ನಿಜ. ಆದ್ರೆ ಅಲ್ಲಿ ನಿಲ್ಲಲ್ಲ, ದಾಟಿ ಹೋಗುತ್ತೆ. ಮೂತಿ ಸ್ವಲ್ಪ ಭಾರ ಇರ್ಬೇಕು. ಹೋಗೋದಕ್ಕಿಂತ ನಿಲ್ಲೋದು ಕಷ್ಟ.” ಬರೀ ಕಾರ್ಬೈನಿನ ಮಾತು ಅದು, ಆದರೂ ನನ್ನ ಕಿವಿಯಲ್ಲಿ ಬಹಳ ದಿನ ಉಳಿಯಿತು.

ಅವರ ಕೈಕೆಲಸ ನೋಡಬೇಕಿತ್ತು. ಹೊಸ ಹಲ್ಲು ಕೂರಿಸುವಾಗ ನೀಲಿ ಕಾಗದ ಕಚ್ಚಿಸುತ್ತಾರೆ, ಎಲ್ಲಿ ಎತ್ತರವಿದೆಯೋ ಅಲ್ಲಿ ನೀಲಿ ಹತ್ತುತ್ತದೆ. ಆಪಾ ಅದೇ ಕಾಗದವನ್ನು ಕಾರ್ಬೈನಿನ ಒಳಭಾಗಗಳ ನಡುವೆ ಇಟ್ಟು ಲಿವರನ್ನು ಮೆಲ್ಲಗೆ ಆಡಿಸುತ್ತಿದ್ದರು. ಬಿಚ್ಚಿ ನೋಡಿದರೆ ಉಕ್ಕಿನ ಮೇಲೆ ಎಳ್ಳಿನಷ್ಟು ನೀಲಿ ಚುಕ್ಕೆ. ಅಲ್ಲಿ ಮಾತ್ರ ಕಲ್ಲಿನಿಂದ ನಾಲ್ಕು ಸಲ ಉಜ್ಜುವುದು, ಒರೆಸುವುದು, ಮತ್ತೆ ಜೋಡಿಸುವುದು. ಇಂಥ ಕೆಲಸ ವಾರಗಟ್ಟಲೆ. ಮಾಡುತ್ತ ಮಾಡುತ್ತ ನನ್ನ ಕೈಗೆ ಕೊಡುತ್ತಿದ್ದರು, ತೋಟಾ ಇಲ್ಲದ್ದನ್ನು, ಮೂತಿಯನ್ನು ಗೋಡೆಯ ಕಡೆ ತಿರುಗಿಸಿ.

“ಆಡಿಸಿ ನೋಡು. ಎಲ್ಲಿ ತೊಡರುತ್ತೆ?”

“ಭಾಳ ಛಲೋ ಆಗೇತ್ರಿ ಆಪಾ.”

“ಛಲೋ ಅನ್ನೋದು ಬೇಡ. ಎಲ್ಲಿ ತೊಡರುತ್ತೆ ಅಷ್ಟು ಹೇಳು. ನಿನ್ನ ಕೈಗೆ ಗೊತ್ತಾಗುತ್ತೆ, ಕೌದಿ ಹೊಲಿದ ಕೈ ಅದು.”

ಕಣ್ಣು ಮುಚ್ಚಿ ಆಡಿಸಿದೆ. ಹಿಂದೆ ಬರುವಾಗ ಕೊನೆಗೆ ಸ್ವಲ್ಪ ಬಿಗಿ. ಹೇಳಿದೆ. ಅವರ ಮುಖ ಅರಳಿತು. ನನ್ನ ಮಾತನ್ನು ಅಷ್ಟು ತೂಕವಾಗಿ ತೆಗೆದುಕೊಂಡವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

ಅವರೂ ತಪ್ಪು ಮಾಡುತ್ತಿದ್ದರು. ಒಮ್ಮೆ ಲಿವರ್ ಬೆಣ್ಣೆಯ ಹಾಗೆ ಆಡಬೇಕೆಂದು ತೋಟಾಕ್ಕೆ ಏಟು ಕೊಡುವ ಒಳಗಿನ ಸುತ್ತಿಗೆಯ ಸ್ಪ್ರಿಂಗನ್ನು ತೀರ ಮೆತ್ತಗೆ ಮಾಡಿಬಿಟ್ಟರು. ಸ್ಪರ್ಧೆಯಲ್ಲಿ ಟ್ರಿಗರ್ ಎಳೆದರೆ ಬರೀ ಟಕ್. ಮತ್ತೆ ಟಕ್. ಏಟಿಗೆ ಬಲ ಸಾಲದೆ ತೋಟಾ ಹೊತ್ತಿಕೊಳ್ಳಲೇ ಇಲ್ಲ. ಸಾಲಿನಲ್ಲಿದ್ದವರೆಲ್ಲ ನಕ್ಕರು, ಇವರೂ ನಕ್ಕರು. ಮನೆಗೆ ಬಂದು ಹಳೆಯ ಸ್ಪ್ರಿಂಗ್ ಹಾಕಿ, “ಅತಿ ನಯ ಮಾಡಿದ್ರೆ ಕೆಲಸ ಮರೆತುಬಿಡುತ್ತೆ” ಎಂದರು. ಗುರಿ ಹಿಡಿಯಲು ನಳಿಗೆಯ ಮೂತಿಯ ಮೇಲಿರುವ ಮಣಿ ಬಿಸಿಲಿನಲ್ಲಿ ಕಾಣುವುದಿಲ್ಲವೆಂದು ಅದರ ತುದಿಗೆ ಹಲ್ಲು ತುಂಬುವ ಬಿಳಿ ಮಸಾಲೆ ಹಚ್ಚಿ ಗಟ್ಟಿ ಮಾಡಿದ್ದರು. “ನನ್ನ ಕಾರ್ಬೈನಿಗೂ ಒಂದು ಹಲ್ಲು ಬಂತು!” ಎಂದು ಎಲ್ಲರಿಗೂ ತೋರಿಸುತ್ತಿದ್ದರು. ಲಿವರಿನ ಬಳೆಗೆ ಬೆರಳು ತರಚದಂತೆ ಚರ್ಮ ಸುತ್ತಿ ಹೊಲಿದವಳು ನಾನು. ಅವರ ಉದ್ದ ಲಂಗ, ಕತ್ತು ಮುಚ್ಚುವ ರವಿಕೆ ಹೊಲಿದವಳೂ ನಾನೇ.

ಹೊಲಿದ ಮೇಲೆ ನಾನೂ ಆಟಕ್ಕೆ ಹೋಗದೆ ಇರಲು ಆಪಾ ಬಿಡಲಿಲ್ಲ. ನಿಮ್ಮಮ್ಮನಿಗೆ “ಆಪಾನ ಜೋಡಿ ಸ್ಯಾನ್ ಡಿಯೇಗೊಕ್ಕ ಹೋಗಿ ಬರ್ತೀನಿ” ಎಂದಷ್ಟೇ ಹೇಳುತ್ತಿದ್ದೆ. ಅವಳು ಸಮುದ್ರ ನೋಡಲು ಎಂದುಕೊಳ್ಳುತ್ತಿದ್ದಳು. ಅಲ್ಲಿ ಪ್ರತಿಯೊಬ್ಬರೂ ಒಂದು ಹುಸಿ ಹೆಸರು ಇಟ್ಟುಕೊಳ್ಳಬೇಕು. ಆಪಾನದು ‘ಮೈಸೂರ್ ಬೇಗಂ’. ಆಟ ನಡೆಸುವ ಬಿಳಿ ಮೀಸೆಯ ಮುದುಕ ನನ್ನನ್ನೂ ಕೇಳಿದ. ನಾನು ಸುಮ್ಮನೆ ನಿಂತೆ. ಮತ್ತೆ ಕೇಳಿದ. ಮತ್ತೆ ಸುಮ್ಮನಿದ್ದೆ. ಅವನು ‘ನೋ ಕಾಮೆಂಟ್’ ಎಂದು ಬರೆದುಕೊಂಡ. ಆಪಾ ನೆಲಕ್ಕೆ ಕೂತು ನಕ್ಕರು.

ಸುಮ್ಮನೆ ನೋಡುತ್ತ ಕೂರುವ ಹಾಗಿಲ್ಲ ಅಲ್ಲಿ, ಎಲ್ಲರಿಗೂ ಒಂದು ಕೆಲಸ. ಮೊದಲು ನಾನು ಖಾಲಿ ತೋಟಾ ಆರಿಸುತ್ತಿದ್ದೆ. ಆಮೇಲೆ ಮುದುಕ ನನ್ನನ್ನು ಲೆಕ್ಕದವರಲ್ಲಿ ಸೇರಿಸಿದ. ಹೊಡೆಯುವವರ ಹಿಂದೆ ಮೂವರು ನಿಂತು ಪ್ರತಿ ಗುಂಡನ್ನೂ ನೋಡಬೇಕು, ಕೇಳಬೇಕು. ಸುತ್ತು ಮುಗಿದ ಮೇಲೆ ಎಷ್ಟು ತಪ್ಪಿತೋ ಅಷ್ಟು ಬೆರಳು ಎತ್ತಬೇಕು. ತಪ್ಪಿಲ್ಲದಿದ್ದರೆ ಮುಷ್ಟಿ. ಮೂವರಲ್ಲಿ ಇಬ್ಬರು ಹೇಳಿದ್ದೇ ಕೊನೆ. ನಿಯಮ ಒಂದೇ: ತಪ್ಪಿತೆಂದು ಖಂಡಿತ ಗೊತ್ತಿದ್ದರೆ ಮಾತ್ರ ಬೆರಳು, ಅನುಮಾನವಿದ್ದರೆ ಮುಷ್ಟಿ. ಆಪಾ ಇದನ್ನು ಕನ್ನಡದಲ್ಲಿ ಎರಡು ಸಲ ಬಿಡಿಸಿ ಹೇಳಿದ್ದರು. ಇಂಗ್ಲಿಷ್ ಬೇಕಿಲ್ಲದ ಆ ಕೆಲಸ ನನಗೆ ಒಗ್ಗಿತು. ಶಾಲೆಯಲ್ಲಿ ಒಮ್ಮೆಯೂ ಕೈ ಎತ್ತದವಳು ಅಲ್ಲಿ ಎತ್ತುತ್ತಿದ್ದೆ.

ಹೀಗೆ ಎರಡು ವರ್ಷ ಹೋಯಿತು. ಆಮೇಲೆ ಅವರ ಬಲಗಣ್ಣು ಕೆಟ್ಟಿತು.

ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಮರಳುವುದಿಲ್ಲ, ಎಡಗಣ್ಣನ್ನು ಉಳಿಸಿಕೊಳ್ಳಲು ನೋಡೋಣ ಎಂದರಂತೆ ಡಾಕ್ಟರು. ಆಪಾ ಮಗಳಿಗೆ ಹೇಳಲಿಲ್ಲ. ನನಗೆ ಹೇಳಿದ್ದು ಚಹಾ ಸೋಸುತ್ತಾ, ಹಾಲು ಮುಗಿದಿದೆ ಎನ್ನುವ ಹಾಗೆ. ಮರುದಿನ ಹೋದಾಗ ಕಾರ್ಬೈನ್ ಮತ್ತೆ ಬಿಚ್ಚಿ ಬಿದ್ದಿತ್ತು.

“ಎಡ ಹೆಗಲಿಗೆ ಬದಲಾಯಿಸ್ತೀನಿ. ಇದಕ್ಕೆ ಎಡ ಬಲ ಇಲ್ಲಮ್ಮ, ಖಾಲಿ ತೋಟಾ ಮೇಲಕ್ಕೆ ಹಾರುತ್ತೆ. ಎಡ ಬಲ ಇರೋದು ನನಗೆ.”

ಹಿಂಬದಿಯ ಕಟ್ಟಿಗೆಯನ್ನು ಎಡಗೆನ್ನೆಗೆ ಕೂರುವಂತೆ ಉಜ್ಜಿದರು. ಒಂದು ಬೆರಳಿನಷ್ಟು ಕತ್ತರಿಸಿ ಗಿಡ್ಡ ಮಾಡಿದರು. ಆಮೇಲೆ ಏಳೆಂಟು ತಿಂಗಳು ದಿನಾ ಬೆಳಿಗ್ಗೆ ಗ್ಯಾರೇಜಿನಲ್ಲಿ ಹುಸಿ ತೋಟಾ ಹಾಕಿ ಅಭ್ಯಾಸ. ನಾನು ಗಡಿಯಾರ ಹಿಡಿದು “ಹೂಂ” ಎನ್ನುವುದು, ಅವರು ಎತ್ತಿ ಗೋಡೆಯ ಮೇಲಿನ ಐದು ಗುರುತುಗಳ ಕಡೆ ತಿರುಗುವುದು. ಮೊದಮೊದಲು ಬಲಗೈ ತಾನಾಗಿ ಲಿವರಿಗೆ ಹೋಗುತ್ತಿತ್ತು. “ಥೂ, ಮುದಿ ಕತ್ತೆ” ಎಂದು ತಮ್ಮ ಕೈಗೇ ಬೈಯುತ್ತಿದ್ದರು. ಬೈದು ಮತ್ತೆ ಮೊದಲಿಂದ. ನನಗೆ ನೋಡಿಯೇ ದಣಿವಾಗುತ್ತಿತ್ತು. ಅವರಿಗೂ ಆಗುತ್ತಿತ್ತು, ಹೇಳುತ್ತಿರಲಿಲ್ಲ. ಹನ್ನೊಂದಕ್ಕೆಲ್ಲ ಕುರ್ಚಿಯಲ್ಲಿ ಕೂತು ಎರಡು ಕಣ್ಣಿಗೂ ಒದ್ದೆ ಬಟ್ಟೆ ಹಾಕಿಕೊಳ್ಳುತ್ತಿದ್ದರು.

ಒಂದು ದಿನ ಆ ಬಟ್ಟೆಯ ಕೆಳಗಿನಿಂದಲೇ ಹೇಳಿದರು: “ಈ ಅಕ್ಟೋಬರಿನ ಆಟದಲ್ಲಿ ಆರು ಸುತ್ತು, ಅರವತ್ತು ಗುಂಡು. ಅರವತ್ತೂ ಬಿದ್ರೆ ಇನ್ನೊಂದು ವರ್ಷ ಆಡ್ತೀನಿ. ಒಂದು ತಪ್ಪಿದ್ರೂ ಮಾರಿಬಿಡ್ತೀನಿ.”

“ಒಂದ ತಪ್ಪಿದ್ರ ಏನಾತ್ರಿ? ಎಲ್ಲಾರೂ ತಪ್ತಾರ.”

“ಎಲ್ಲಾರಿಗೂ ಎರಡು ಕಣ್ಣಿದೆ. ಮಾಡಿದ ಹಲ್ಲು ಹೆಚ್ಚುಕಮ್ಮಿ ಕೂತಿದೆ ಅಂತ ನಾನು ಯಾವತ್ತೂ ಕಳಿಸಿಲ್ಲ. ಕೂತಿದೆ, ಇಲ್ಲಾ ಕೂತಿಲ್ಲ, ಅಷ್ಟೇ. ಇಲ್ದಿದ್ರೆ ಎಲ್ಲಿ ನಿಲ್ಲಿಸ್ಬೇಕು ಅಂತ ನನಗೆ ಗೊತ್ತಾಗಲ್ಲ.”

ಆ ಅಕ್ಟೋಬರಿನ ಬೆಳಿಗ್ಗೆ ಹದಿನೈದನೆಯ ಫ್ರೀವೇಯಲ್ಲಿ ಹೊರಟೆವು. ಕಾರು ಓಡಿಸುವವರು ಅವರೇ, ನನಗೆ ಬರುವುದಿಲ್ಲ. ಟೆಮೆಕ್ಯುಲಾ ದಾಟಿದ ಮೇಲೆ ನಮ್ಮ ಕಾರು ಮೆಲ್ಲಗೆ ಬಲಕ್ಕೆ ಸರಿಯತೊಡಗಿತು. ಬಲಗಡೆ ಲಾರಿ. ಅದರ ಚಕ್ರ ನನ್ನ ಕಿಟಕಿಯಷ್ಟು ಎತ್ತರ. “ಆಪಾ!” ಎಂದು ಕೂಗಿದೆ. ಲಾರಿಯವನೂ ಹಾರ್ನ್ ಹೊಡೆದ. ಅವರು ಸರಕ್ಕನೆ ಎಡಕ್ಕೆ ಎಳೆದರು. ಎಸ್ಕಾಂಡಿಡೊ ಬರುವ ಮುಂಚೆ ಮತ್ತೊಮ್ಮೆ ಹಾಗೇ ಆಯಿತು, ಈ ಸಲ ಬಿಳಿ ಕಾರು.

“ನೀ ಬಲಗಡೆ ನೋಡ್ತಾ ಇರು, ಸರೀನಾ?” ಎಂದರು, ಸಣ್ಣ ದನಿಯಲ್ಲಿ.

ರೇಂಜಿಗೆ ಬಂದ ಮೇಲೆ ಅವರು ಬೇರೆಯೇ ಆದರು. ಮೊದಲ ಸುತ್ತು, ಹತ್ತಕ್ಕೆ ಹತ್ತು. ಎರಡನೆಯದು, ಮೂರನೆಯದು, ನಾಲ್ಕನೆಯದು. ಬೇಗವೇನೂ ಅಲ್ಲ. ಒಂದು ತಟ್ಟೆಯಲ್ಲಿ ನಿಂತು, ಹೊಡೆದು, ಮುಂದಿನದಕ್ಕೆ ಹೋಗುತ್ತಿದ್ದರು. ಮೂವರೂ ಪ್ರತಿ ಸಲ ಮುಷ್ಟಿ ಎತ್ತಿದೆವು. ನಲವತ್ತು ಆಗಿತ್ತು. ಹಿಂದೆ ನಿಂತವರು ಮಾತು ನಿಲ್ಲಿಸಿ ನೋಡತೊಡಗಿದರು.

ಐದನೆಯ ಸುತ್ತಿಗೆ ಗಾಳಿ ಎದ್ದಿತು. ಮಣ್ಣಿನ ದಿಬ್ಬದ ಆಚೆ ಇನ್ನೊಂದು ತಂಡವೂ ಹೊಡೆಯುತ್ತಿತ್ತು, ಅವರ ತಟ್ಟೆಗಳ ಸದ್ದು ನಮಗೂ ಕೇಳುತ್ತಿತ್ತು. ಆಪಾ ಆರು ಹೊಡೆದರು. ಏಳನೆಯದಕ್ಕೆ ಧೂಳು ಎದ್ದಿತು. ಒಂದು ಟಣ್ ಕೇಳಿಸಿತು. ನಮ್ಮ ತಟ್ಟೆಯದೋ ದಿಬ್ಬದ ಆಚೆಯದೋ, ನನಗೆ ತಿಳಿಯಲಿಲ್ಲ. ತಟ್ಟೆ ಅಲುಗಿದ್ದನ್ನು ನಾನು ಕಾಣಲಿಲ್ಲ, ಅಲುಗದೆ ಇದ್ದದ್ದನ್ನೂ ಕಾಣಲಿಲ್ಲ. ಎಂಟು, ಒಂಬತ್ತು, ಹತ್ತು ಸರಿಯಾಗಿ ಬಿದ್ದವು.

ಮುದುಕ ನಮ್ಮ ಕಡೆ ತಿರುಗಿದ. ಮೊದಲನೆಯವನು ಮುಷ್ಟಿ ಎತ್ತಿದ. ಎರಡನೆಯವಳು ಒಂದು ಬೆರಳು ಎತ್ತಿದಳು. ಉಳಿದವಳು ನಾನು.

ಮಕ್ಕಳೇ, ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಮುಷ್ಟಿ. ಎರಡು ವರ್ಷ ನಾನು ಆ ನಿಯಮ ಮುರಿದವಳಲ್ಲ. ಆದರೆ ಆಗ ನನ್ನ ಕಣ್ಣ ಮುಂದೆ ಇದ್ದದ್ದು ತಟ್ಟೆಯಲ್ಲ, ಲಾರಿಯ ಚಕ್ರ. ಇನ್ನೊಂದು ವರ್ಷ ಎಂದರೆ ಹನ್ನೆರಡು ಸಲ ಈ ದಾರಿ, ಹನ್ನೆರಡು ಸಲ ವಾಪಸ್ಸು. ಸಾಕು ಎಂದು ಅವರ ಮುಖ ನೋಡಿ ಹೇಳುವ ಧೈರ್ಯ ನನಗೆ ಇರಲಿಲ್ಲ.

ನಾನು ಬೆರಳು ಎತ್ತಿದೆ.

“ಆರ್ ಯೂ ಶ್ಯೂರ್, ಮ್ಯಾಮ್?” ಎಂದ ಮುದುಕ. ತಲೆ ಆಡಿಸಿದೆ. ಅವನು ಬರೆದುಕೊಂಡ.

ಆಪಾ ಲಿವರ್ ತೆರೆದು ಒಳಗೆ ಖಾಲಿಯೆಂದು ತೋರಿಸಿ, ಮೂತಿ ಮೇಲೆ ಮಾಡಿಕೊಂಡು ಮೇಜಿನ ಹತ್ತಿರ ಹೋದರು. ನನ್ನ ಕಡೆ ನೋಡಲಿಲ್ಲ. ಆರನೆಯ ಸುತ್ತನ್ನೂ ಹೊಡೆದರು, ಹತ್ತಕ್ಕೆ ಹತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಐವತ್ತೊಂಬತ್ತು, ಒಂದು ಕಣ್ಣಲ್ಲಿ.

ವಾಪಸ್ಸು ಬರುವಾಗ ನಾನು ಬಲಗಡೆಯನ್ನೇ ನೋಡುತ್ತ ಕೂತಿದ್ದೆ.

“ಏಳನೇದಾ?” ಎಂದರು ಕೊನೆಗೆ.

“ಹೌದ್ರಿ.”

“ನನಗೆ ಬಿತ್ತು ಅನ್ನಿಸಿತ್ತು. ನೀನು ಎತ್ತಿದ್ಮೇಲೆ ಬಿದ್ದಿಲ್ಲ. ಆ ಇನ್ನೊಬ್ಬಳು ಎತ್ತಿದಾಗ ನಾನು ನಂಬಿರ್ಲಿಲ್ಲ.”

ಆಗಲೇ ಹೇಳಬೇಕಿತ್ತು.

ಆ ವಾರವೇ ಕಾರ್ಬೈನನ್ನು ಬಂದೂಕಿನ ಅಂಗಡಿಗೆ ಕೊಟ್ಟುಬಂದರು. ಹತ್ತು ದಿನ ಕಾದ ಮೇಲೆ ಕೊಂಡವನ ಕೈಗೆ ಹೋಗುವುದು ಇಲ್ಲಿನ ಕಾನೂನು. ಆ ಹತ್ತು ದಿನವೂ ನಾನು ಹೇಳುತ್ತೇನೆಂದು ಅವರ ಮನೆಗೆ ಹೋದೆ, ಚಹಾ ಕುಡಿದು ಬಂದೆ. ದೂರದ ಡ್ರೈವಿಂಗನ್ನೂ ಬಿಟ್ಟರು. ನನಗೆ ಬೇಕಾದದ್ದು ಅದೇ ಆಗಿತ್ತು. ಅವರು ಯಾವ ಲಾರಿಯ ಕೆಳಗೂ ಹೋಗಲಿಲ್ಲ, ತಮ್ಮ ಮಂಚದ ಮೇಲೆ ಹೋದರು. ಅಷ್ಟು ಸಮಾಧಾನ ಇದೆ.

ಆದರೆ ಇನ್ನೊಂದಾಯಿತು, ನಾನು ಎಣಿಸದೆ ಇದ್ದದ್ದು. ಅವರು ತಮ್ಮ ಕೈ ಕಿವಿಯನ್ನು ನಂಬುವುದು ಬಿಟ್ಟುಬಿಟ್ಟರು. ಕೂದಲಿನಷ್ಟು ಎತ್ತರವನ್ನು ಬೆರಳಿನಲ್ಲೇ ಕಂಡುಹಿಡಿಯುತ್ತಿದ್ದವರು, ಆಮೇಲೆ ಎಲ್ಲದಕ್ಕೂ ನನ್ನನ್ನು ಕೇಳುತ್ತಿದ್ದರು. ಅಕ್ಕಿ ಬೆಂದಿದೆಯಾ, ಗುಂಡಿ ಸರಿ ಹಾಕಿದೀನಾ, ಫೋನ್ ಬಡೀತಾ ಇದೆಯಾ. ಎಡಗಣ್ಣು ಆಗ ಇನ್ನೂ ಚೆನ್ನಾಗಿಯೇ ಇತ್ತು. ನಾನು ಹೇಳಿದರೆ ಮುಗಿಯಿತು, ಮತ್ತೆ ಮುಟ್ಟಿಯೂ ನೋಡುತ್ತಿರಲಿಲ್ಲ.

ಈ ವರ್ಷ ಎಡಗಣ್ಣೂ ಮಂಜಾಯಿತು, ಹೃದಯವೂ ಸೋತಿತು, ಹಾಸಿಗೆ ಹಿಡಿದರು. ಕೊನೆಯ ಸಲ ಹೋದಾಗ ಕಾಲು ತಣ್ಣಗಾಗಿದೆ ಎಂದರು.

“ಕಿಟಕಿ ಮುಚ್ಚಿದೆಯಾ ನೋಡಮ್ಮ.”

ಕೂತ ಜಾಗದಿಂದ ಮುಚ್ಚಿದ ಹಾಗೆಯೇ ಕಾಣುತ್ತಿತ್ತು. “ತಡೀರಿ ಆಪಾ” ಎಂದು ಎದ್ದೆ. ಮೊಣಕಾಲು ಹಿಡಿದುಕೊಂಡು ಕಿಟಕಿಯವರೆಗೆ ನಡೆದೆ, ಗಾಜನ್ನು ಒತ್ತಿ ನೋಡಿದೆ, ಚಿಲಕ ಮುಟ್ಟಿ ನೋಡಿದೆ. ತಿರುಗಿ ಬಂದು ಹೇಳಿದೆ, “ಮುಚ್ಚೇತ್ರಿ.”

“ಅಷ್ಟಕ್ಕೆ ಎದ್ದು ಹೋದ್ಯಾ?” ಎಂದರು ಆಪಾ. “ಕೂತಲ್ಲಿಂದ್ಲೇ ಹೇಳಿದ್ರೆ ನಾನು ನಂಬ್ತಿರ್ಲಿಲ್ವೇನೇ?”